ಒಂದೂ ಬಿಡದ ಹಾಗೆ

ಶಾಂತಮೂರ್ತಿಗೆ ಆ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಹುಡುಕಿ ಕೇಳಬೇಕು. ಮುಳ್ಳೂರಿನಲ್ಲಿ ಅವನ ಕೈಯಿಂದ ಪೆಟ್ಟು ತಿನ್ನದವರು ಕಡಿಮೆ. ಇಂಥವನೂ ತಂಗಿ ರಮ್ಯ ಅಂದರೆ ಪ್ರಾಣ ಬಿಡುತ್ತಿದ್ದ. ಆ ತಂಗಿಯ ಮದುವೆಯ ದಿನವೇ, ಯಳಂದೂರಿನ ಛತ್ರದ ಹಿಂದೆ, ಗಂಡಿನ ಸೋದರಮಾವ ಮಾದಸ್ವಾಮಿಯನ್ನು ಸೌದೆಯಿಂದ ಬಡಿದು ಕೊಂದಿದ್ದ. ಆ ಮನುಷ್ಯ ಪಂಕ್ತಿಯಲ್ಲಿ ಕೂತು ರಮ್ಯಳ ಬಗ್ಗೆ ಏನೋ ಹಗುರವಾಗಿ ಆಡಿದ್ದ, ಅಷ್ಟೆ. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಜಾರಿಬಿದ್ದ ಅಂತ ಮೊದಲು ಕೂಗಿಕೊಂಡವನೂ ಶಾಂತಮೂರ್ತಿಯೇ. ಎಲ್ಲರೂ ನಂಬಿದರು.

ತಿಥಿ ಮುಗಿದಿತ್ತು. ಮಾದಸ್ವಾಮಿಯ ತಂಗಿ ಸೋಮಮ್ಮ, ಅಂದರೆ ರಮ್ಯಳ ಅತ್ತೆ, ಮಗ ಸೊಸೆಯೊಂದಿಗೆ ಇವತ್ತು ಮುಳ್ಳೂರಿಗೆ ಬರುವವಳಿದ್ದಳು. "ಮದ್ವೆ ವೀಡಿಯೊ ತರ್ಸಿರಿ ಕನಪ್ಪ, ನಮ್ಮಣ್ಣನ್ನ ಒಂದ್ಸಲ ಕಣ್ತುಂಬ ನೋಡ್ಬುಡ್ತೀನಿ" ಅಂತ ಫೋನಿನಲ್ಲಿ ಅತ್ತಿದ್ದಳು.

ಅದನ್ನು ತರಲೆಂದು ಶಾಂತಮೂರ್ತಿ ಕೊಳ್ಳೇಗಾಲದ ಸ್ಟುಡಿಯೊದ ಬಾಗಿಲು ತಳ್ಳಿದಾಗ, ಮದುವೆಯ ವೀಡಿಯೊ ತೆಗೆದಿದ್ದ ಬಿಳಿಗಿರಿ ಮತ್ತು ಅವನ ಹೆಂಡತಿ ಸಿಂಧು ಕಂಪ್ಯೂಟರಿನ ಮುಂದೆ ಬೆವೆತು ಕೂತಿದ್ದರು. ಪರದೆಯ ಮೇಲೆ ಸೌದೆ ಎತ್ತಿ ನಿಂತವನು ಶಾಂತಮೂರ್ತಿಯೇ. ಪಾಯಸ ಕುದಿಯುವುದನ್ನು ಹಿಡಿಯಲೆಂದು ಬಿಳಿಗಿರಿ ಒಂದು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಮರೆತಿದ್ದ. ಅಡುಗೆಯವರು ಬಡಿಸಲು ಹೋದ ಮೇಲೂ ಅದು ಓಡುತ್ತಲೇ ಇತ್ತು.

ಶಾಂತಮೂರ್ತಿ ಶಟರ್ ಎಳೆದ. ಮೂಲೆಯಲ್ಲಿದ್ದ ಕ್ಯಾಮೆರಾ ಸ್ಟ್ಯಾಂಡು ತೆಗೆದು ಬಿಳಿಗಿರಿಯ ಮುಖಕ್ಕೆ ಬೀಸಿದ. ಮೂಗು ಜಜ್ಜಿಹೋಯಿತು. ಎರಡನೆಯ ಏಟಿಗೆ ಮೇಜಿನ ಮೇಲಿದ್ದ ಮೌಸ್ ಪುಡಿಯಾಯಿತು. ಮೂರನೆಯದು ಮೊಣಕೈಗೆ ಬಿದ್ದು, ಮೂಳೆ ಲಟಕ್ಕೆಂದದ್ದು ಶಾಂತಮೂರ್ತಿಗೆ ಚೆನ್ನಾಗಿಯೇ ಕೇಳಿಸಿತು.

"ಅದ್ನ ಅಳ್ಸಮ್ಮಿ. ಮದ್ವೇನ ಇದ್ಕಾಕ್ಕೊಡು" ಅಂತ ಸಿಂಧುವಿನ ಮುಂದೆ ಪೆನ್‌ಡ್ರೈವ್ ಎಸೆದ. ಎಲ್ಲವನ್ನೂ ಸುಟ್ಟು ಹಾಕಲು ಅವನ ಕೈ ತುರಿಸುತ್ತಿತ್ತು. ಆದರೆ ವೀಡಿಯೊನೇ ಇಲ್ಲ ಅಂದರೆ ಸೋಮಮ್ಮನ ತಲೆಗೆ ಅನುಮಾನದ ಹುಳ ಬಿಟ್ಟ ಹಾಗೆ.

"ಮೌಸಿಲ್ದೆ ಎಂಗಣ್ಣ..."

"ಎಂಗಾರ ಮಾಡು. ಇಲ್ದಿದ್ರೆ ಇವ್ನ ಇನ್ನೊಂದ್ ಕೈಯೂ ಓಯ್ತದೆ."

ಸಿಂಧು ಕಪ್ಪು ಪರದೆ ತೆರೆದು, ಕೀಬೋರ್ಡಿನಲ್ಲೇ ಆಜ್ಞೆ ಕುಟ್ಟಿ, 'ಅಡುಗೆ' ಅನ್ನುವ ಫೋಲ್ಡರಿನಿಂದ ಆ ಫೈಲನ್ನು ಅಳಿಸಿದಳು. ಹೆಸರು ಮಾಯವಾದದ್ದನ್ನು ಶಾಂತಮೂರ್ತಿ ಕಣ್ಣಾರೆ ನೋಡಿದ.

ಆದರೆ ಆ ಸ್ಟುಡಿಯೊದಲ್ಲಿ ಒಂದು ಪದ್ಧತಿಯಿತ್ತು. ಕ್ಯಾಮೆರಾ ಕಾರ್ಡಿನಲ್ಲಿರುವುದನ್ನು ಮೊದಲು ಒಂದು ಫೋಲ್ಡರಿಗೆ ಇದ್ದ ಹಾಗೇ ಇಳಿಸಿಕೊಳ್ಳುವುದು, ಆಮೇಲೆ ಅಲ್ಲಿಂದ ಧಾರೆ, ಊಟ, ಅಡುಗೆ ಅಂತ ವಿಂಗಡಿಸಿ ಬೇರೆ ಫೋಲ್ಡರುಗಳಿಗೆ ಕಾಪಿ ಮಾಡುವುದು. ಕಾಪಿಯನ್ನು ಅಳಿಸಿದರೆ ಮೊದಲಿನದು ಎಲ್ಲಿಗೂ ಹೋಗುವುದಿಲ್ಲ. ಗಂಡ ಬದುಕಿದರೆ ಸಾಕು ಅಂತ ಸಿಂಧು ಅದನ್ನೂ ಹೇಳಿಬಿಡಲು ಹೊರಟಳು.

"ಅಣ್ಣ, ಕಾರ್ಡಿನ ಫೋಲ್ಡರ್‌ನಲ್ಲೂ..."

ಕಪಾಳಕ್ಕೆ ಬಿತ್ತು. ತುಟಿ ಒಡೆದು ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು.

"ಬಾಯ್ಮುಚ್ಕಂಡು ಹಾಕು! ಒಂದೂ ಬುಡಂಗಿಲ್ಲ, ಒಳಗಿರೋದೆಲ್ಲ ಬರ್ಬೇಕು. ನನ್ ತಂಗಿ ಮದ್ವೆ ಕಣಮ್ಮಿ ಅದು!"

ಇನ್ನೊಮ್ಮೆ ಬಾಯಿ ತೆರೆಯುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಸಿ, ಪಿ, ಒಂದು ಗೀಟು, ಆರ್. ಮದುವೆಯ ಫೋಲ್ಡರು, ಅದರೊಳಗಿನ ಫೋಲ್ಡರುಗಳು, ಎಲ್ಲವನ್ನೂ ಬಾಚಿ ಒಯ್ಯುವ ಆಜ್ಞೆ. ಕಾಪಿ ಮುಗಿಯುವವರೆಗೆ ಶಾಂತಮೂರ್ತಿ ಬಿಳಿಗಿರಿಯ ಕತ್ತಿನ ಮೇಲೆ ಕಾಲಿಟ್ಟು ನಿಂತಿದ್ದ. ಮುಗಿದ ಮೇಲೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡ, ಕಾರ್ಡುಗಳನ್ನು ಕಚ್ಚಿ ಮುರಿದ, ಕಂಪ್ಯೂಟರನ್ನು ಸ್ಟ್ಯಾಂಡಿನಿಂದ ಚಚ್ಚಿ ಚಿಂದಿ ಮಾಡಿದ. ಇನ್ನು ಇವರ ಬಾಯಿಮಾತನ್ನು ಯಾರು ನಂಬುತ್ತಾರೆ ಅಂತ ನಿರಾಳವಾಗಿ ಬೈಕ್ ಹತ್ತಿದ.

ಮನೆಯಲ್ಲಿ ಟಿವಿ ಒಂದಾದ ಮೇಲೊಂದು ಫೈಲು ಹಾಕುತ್ತಾ ಹೋಯಿತು. ಸೋಮಮ್ಮ ಎದ್ದುಹೋಗಿ ಪರದೆಯಲ್ಲಿದ್ದ ಅಣ್ಣನ ಕೆನ್ನೆ ಸವರಿ ಬಂದಳು. ಅಡುಗೆಯ ಭಾಗ ಬಂದಾಗ ಶಾಂತಮೂರ್ತಿ ಕಾಲು ಚಾಚಿಕೊಂಡು ಕಾಫಿ ಹೀರುತ್ತಿದ್ದ. ಅದು ಬಂದು ಹೋಯಿತು, ಏನೂ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ, "ಇದ್ಯಾಕಣ್ಣ, ತಿರ್ಗ ಅಡ್ಗೇನೇ ಬತ್ತಾದೆ? ಪಾಯಸ ಕುದೀತಾದೆ" ಅಂದಳು ರಮ್ಯ.

ಶಾಂತಮೂರ್ತಿ ಲೋಟ ಕೆಳಗಿಡುವಷ್ಟರಲ್ಲಿ ಪರದೆಯಲ್ಲಿ ಮಾದಸ್ವಾಮಿ ಕೈ ತೊಳೆಯಲು ಬಗ್ಗಿದ್ದ. ಹಿಂದಿನಿಂದ ಸೌದೆ ಬಿತ್ತು. ಬಿದ್ದವನ ತಲೆಯ ಮೇಲೆ ಮತ್ತೆ ಬಿತ್ತು, ಮತ್ತೆ ಬಿತ್ತು. ಸೋಮಮ್ಮನ ಗಂಟಲಿನಿಂದ ಹೊರಟ ಕೂಗು ಮನುಷ್ಯರದ್ದಾಗಿರಲಿಲ್ಲ.

ರಮ್ಯಳ ಗಂಡ ಮಹದೇವಪ್ರಸಾದ್ ಅವನ ಕುತ್ತಿಗೆಗೆ ಕೈ ಹಾಕಿದ. ಶಾಂತಮೂರ್ತಿ ಕುರ್ಚಿ ಎತ್ತಿ ಅವನ ನೆತ್ತಿಗೆ ಹೊಡೆದು ಕೆಡವಿ, ಅದೇ ಕುರ್ಚಿಯನ್ನು ಟಿವಿಗೆ ಎಸೆದ. ಗಾಜು ಚೂರಾಯಿತು. ಅಷ್ಟರಲ್ಲಿ ರಮ್ಯ ಪೆನ್‌ಡ್ರೈವ್ ಕಿತ್ತು ಮುಷ್ಟಿಯಲ್ಲಿ ಹಿಡಿದಿದ್ದಳು.

"ಕೊಡಮ್ಮಿ!"

ಅವಳು ಕೊಡಲಿಲ್ಲ. ಗೋಡೆಗೆ ಒತ್ತಿ ಬೆರಳು ಹಿಂದಕ್ಕೆ ತಿರುಚಿದ. ಕಿರುಬೆರಳು ಮುರಿಯಿತು. "ಅಣ್ಣಾ" ಅಂತ ಅವಳು ಚೀರಿದಳು. ಹುಟ್ಟಿದಾಗಿನಿಂದ ಅವಳ ಮೈಮೇಲೆ ಕೈ ಮಾಡಿರದ ಶಾಂತಮೂರ್ತಿಯ ಹಿಡಿತ ಆ ಕೂಗಿಗೆ ತಾನಾಗಿಯೇ ಸಡಿಲವಾಯಿತು.

ರಮ್ಯ ನುಣುಚಿಕೊಂಡು ಹೋಗಿ, ಮಗನ ತಲೆಯ ರಕ್ತವನ್ನು ಸೆರಗಿನಿಂದ ಒತ್ತಿ ಹಿಡಿದಿದ್ದ ಸೋಮಮ್ಮನ ಮುಂದೆ ಕುಸಿದಳು. ಸೊಟ್ಟಗಾದ ಬೆರಳಿನ ಮುಷ್ಟಿ ಬಿಚ್ಚಿದಳು.

"ತಕ್ಕಳಿ ಅತ್ತೆ. ನಿಮ್ಮಣ್ಣನೂ ಇದ್ರಲ್ಲೇ ಅವ್ರೆ, ನಮ್ಮಣ್ಣನೂ ಇದ್ರಲ್ಲೇ ಅವ್ನೆ."