ಪೆಟ್ಟಿಗೆಯೊಳಗಿನ ಗೇಜು

ನಮ್ಮ ಶೆಡ್ಡಿನಲ್ಲಿ ಗೇಜುಗಳು ಎರಡು. ಒಂದು ಲೇತಿನ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ. ಇನ್ನೊಂದು ಮಾವನವರ ಬೀರುವಿನಲ್ಲಿ, ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಅದು ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ಸರಿಯಿದೆ ಎನ್ನಿಸಿಕೊಂಡು ಬರುತ್ತದೆ; ಗುಣಮಟ್ಟದ ತಪಾಸಣೆಗೆ ಆಡಿಟರ್ ಬಂದ ದಿನ ಮೇಜಿನ ಮೇಲೆ ಕೂರುತ್ತದೆ.

ನಾವು ಮಾಡುವುದು ಸೇಫ್ಟಿ ವಾಲ್ವು. ದೊಡ್ಡ ಅಡುಗೆಮನೆಗಳ ಉಗಿ ಪಾತ್ರೆಗಳ ಮೇಲೆ ಕೂರುವ ಹಿತ್ತಾಳೆಯ ತುಂಡು. ಅದರ ರಂಧ್ರದೊಳಗೆ ಒಂದು ಕಡ್ಡಿ. ಒತ್ತಡ ಮಿತಿಮೀರಿದರೆ ಕಡ್ಡಿ ಮೇಲೆದ್ದು ಉಗಿಯನ್ನು ಹೊರಗೆ ಬಿಡಬೇಕು. ರಂಧ್ರ ಬಿಗಿಯಾಗಿದ್ದರೆ, ಕಾದು ಉಬ್ಬಿದ ಕಡ್ಡಿ ಏಳುವುದಿಲ್ಲ. ಏಳದಿದ್ದರೆ ಪಾತ್ರೆ ಸಿಡಿಯುತ್ತದೆ. ಗೇಜು ಎಂದರೆ ರಂಧ್ರವನ್ನು ಪರೀಕ್ಷಿಸುವ ಎರಡು ತುದಿಯ ಉಕ್ಕಿನ ಸರಳು. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಕೆಲಸದವರು ಮೊದಲನೆಯದನ್ನು ಅಳಿಯ ಎನ್ನುತ್ತಾರೆ, ಎರಡನೆಯದನ್ನು ಕಳ್ಳ.

ಗಂಡ ಜ್ವರದಲ್ಲಿ ಹೋದ ಮೇಲೆ ಗುಣಮಟ್ಟ ನೋಡುವ ಅವರ ಕುರ್ಚಿ ಖಾಲಿ ಬಿತ್ತು. ಅಲ್ಲಿ ಡಿಗ್ರಿ ಇದ್ದವರೇ ಕೂರಬೇಕು. ಮನೆಯಲ್ಲಿ ಡಿಗ್ರಿ ಇದ್ದವಳು ನಾನೊಬ್ಬಳೇ. ಕೂತೆ. ಕುರ್ಚಿ ನನಗೆ ಎತ್ತರವಾಗಿತ್ತು; ತಗ್ಗಿಸಿಕೊಳ್ಳಲಿಲ್ಲ.

ಆಡಿಟ್ ಹತ್ತಿರ ಬಂದಾಗ ಶೆಡ್ಡಿಗೆ ಮದುವೆಮನೆಯ ಕಳೆ ಬಂತು. ನೆಲಕ್ಕೆ ಹಳದಿ ಗೆರೆ, ಒಡೆದ ಕಿಟಕಿಗೆ ಗಾಜು. ಪೆಟ್ಟಿಗೆ ಒರೆಸುವ ಕೆಲಸ ನನ್ನ ಪಾಲಿಗೆ. ಒರೆಸಿದ ಮೇಲೆ, ಸುಮ್ಮನೆ, ಕೈಗೆ ಸಿಕ್ಕ ವಾಲ್ವಿನ ಕಡ್ಡಿ ತೆಗೆದು ಪೆಟ್ಟಿಗೆಯ ಒಳ್ಳೆಯ ಗೇಜನ್ನು ತೂರಿಸಲು ನೋಡಿದೆ. ಅಳಿಯ ಹೋಗಲಿಲ್ಲ. ಇನ್ನೊಂದು ವಾಲ್ವಿಗೆ ಹಿಡಿದೆ. ಹೋಗಲಿಲ್ಲ. ಗಿರಾಕಿಗೆ ಕಳಿಸಲು ಕಟ್ಟಿಟ್ಟಿದ್ದ ಡಬ್ಬಗಳನ್ನು ಬಿಚ್ಚುತ್ತಾ ಹೋದೆ.

ಲೇತ್ ನಡೆಸುವ ಟರ್ನರ್ ಬಂದು ನಿಂತ. "ಅಕ್ಕಾ, ನಮ್ಮ ಅಳಿಯ ದುಡಿದೂ ದುಡಿದೂ ಬಡಕಲಾಗಿದಾನೆ, ಯಾವ ಬಾಗಿಲಲ್ಲಾದ್ರೂ ನುಸೀತಾನೆ. ಪೆಟ್ಟಿಗೇಲಿರೋನು ಕೂತು ತಿಂದೋನು. ಅವನನ್ನ ಯಾಕೆ ಎಬ್ಬಿಸಿದ್ರಿ?"

ನಗಿಸಲೆಂದೇ ಹೇಳಿದ. ನಾನು ನಗದಿದ್ದುದನ್ನು ಕಂಡು ಮೆಷಿನ್ನಿನ ಕಡೆ ತಿರುಗಿದ.

ರಂಧ್ರ ನಯಗೊಳಿಸುವ ರೀಮರ್ ಸವೆದಂತೆ ರಂಧ್ರ ಬಿಗಿಯಾಗುತ್ತದೆ. ಪರೀಕ್ಷಿಸುವ ಗೇಜೂ ಅದರ ಜೊತೆಗೇ ಸವೆಯುತ್ತದೆ. ಒಟ್ಟಿಗೆ ಮುದುಕರಾದ ಗಂಡಹೆಂಡಿರ ಹಾಗೆ. ಒಬ್ಬರು ಕುಗ್ಗಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಮಾವನವರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದೂರೂ ಬಂದಿಲ್ಲ ಎಂದರು. ಈ ಮಾಲು ನಿಲ್ಲಿಸಿದರೆ ಗಿರಾಕಿ ಬೇರೆ ಬಾಗಿಲು ಹುಡುಕುತ್ತಾನೆ, ಶೆಡ್ಡಿನವರೆಲ್ಲ ಬೀದಿಗೆ ಬೀಳುತ್ತಾರೆ ಎಂದರು. ಒಳ್ಳೆಯ ಗೇಜನ್ನೇ ದಿನವೂ ಬಳಸಬಹುದಲ್ಲ ಎಂದೆ.

"ಬಳಸಿದ್ರೆ ಸವೆಯಲ್ವೇನಮ್ಮಾ? ಆಮೇಲೆ ಆಡಿಟರ್‌ಗೆ ಏನು ತೋರಿಸೋದು?"

ನಿಜವಾಗಿ ತಿಳಿಯದೆಯೇ ಕೇಳುತ್ತಿದ್ದರು.

"ನಿಮ್ಮ ಮಗನಿಗೆ ಗೊತ್ತಿತ್ತಾ ಮಾವ?"

"ಆ ಮಖಮಲ್ಲು ಅಂಟಿಸಿದ್ದೇ ಅವನು."

ಅಳು ಬರಬಹುದೆಂದು ಕಾದೆ. ಬರಲಿಲ್ಲ.

ಆಡಿಟರ್ ಮೆದು ಮಾತಿನವರು. ಗೇಜನ್ನು ಬೆಳಕಿಗೆ ಹಿಡಿದು, ಇಷ್ಟು ಜೋಪಾನ ಮಾಡಿದವರನ್ನು ಕಂಡಿಲ್ಲ ಎಂದರು. ಇದನ್ನು ನಾವು ಬಳಸುವುದೇ ಇಲ್ಲ, ಬಳಸುವುದು ಆ ಮೊಳೆಯಲ್ಲಿರುವುದನ್ನು ಎಂದು ನಾನು ಹೇಳಿದೆ. ಹೊರಡಲಿದ್ದ ಡಬ್ಬದಿಂದ ಒಂದು ವಾಲ್ವ್ ತಂದು ಅವರ ಮುಂದಿಟ್ಟೆ.

ಮಾವನವರು ಅವರ ಕಿವಿಯ ಹತ್ತಿರ ಬಗ್ಗಿದರು. ಮೊಳೆಯಲ್ಲಿರುವುದು ಗುಜರಿಗೆ ಹಾಕಲು ತೆಗೆದಿಟ್ಟದ್ದು ಎಂದರು. ಮಗ ಹೋದ ಮೇಲೆ ಹುಡುಗಿ ಇನ್ನೂ ಸುಧಾರಿಸಿಕೊಂಡಿಲ್ಲ ಎಂದರು. ಎರಡನೆಯದನ್ನು ಹೇಳಿದ್ದು ನಟನೆಯಲ್ಲ.

ಆಡಿಟರ್ ಟರ್ನರನನ್ನು ಕರೆದು, ಬಳಸುವುದು ಯಾವುದೆಂದು ಕೇಳಿದರು. ಅವನು ಹಳದಿ ಗೆರೆ ನೋಡುತ್ತಾ ನಿಂತ. ಮನೆಯಲ್ಲಿ ಅವನಿಗೆ ಹಾಸಿಗೆ ಹಿಡಿದ ತಾಯಿ.

"ಪೆಟ್ಟಿಗೇದು, ಸರ್."

ಆಡಿಟರ್ ವಾಲ್ವನ್ನು ಪರೀಕ್ಷಿಸದೆ ನನ್ನ ಅಂಗೈಗೆ ವಾಪಸ್ಸು ಇಟ್ಟು ಬೆರಳು ಮಡಚಿದರು. "ನಾನು ಪದ್ಧತಿ ನೋಡೋಕೆ ಬಂದೋನಮ್ಮಾ, ಮಾಲು ನೋಡೋಕಲ್ಲ. ಸ್ವಲ್ಪ ರೆಸ್ಟ್ ತಗೊಳ್ಳಿ."

ಅವರು ಎತ್ತಿ ತೋರಿಸಿದ ತಪ್ಪು ಒಂದೇ: ಬೆಂಕಿ ಆರಿಸುವ ಮರಳಿನ ಬಕೆಟ್ಟಿನ ಕೆಂಪು ಬಣ್ಣ ಮಾಸಿದೆ.

ಮಧ್ಯಾಹ್ನ ಗಾಡಿ ಬಂತು. ಡಬ್ಬಗಳು ಏರಿದವು. ಕೈಯಲ್ಲಿ ಉಳಿದಿದ್ದ ವಾಲ್ವಿನ ಕಡ್ಡಿಯನ್ನು ಬೆರಳಿನಿಂದ ನೂಕಿದೆ. ಸಲೀಸಾಗಿ ಎದ್ದಿತು. ತಣ್ಣಗಿರುವಾಗ ಎಲ್ಲವೂ ಆಡುತ್ತದೆ.

ಯಾವಾಗ ಹೋಗಿ ಗಾಡಿಯ ಮುಂದೆ ನಿಂತೆನೋ ತಿಳಿಯದು. ಡ್ರೈವರ್ ಎಂಜಿನ್ ಶುರುಮಾಡಿ ಕಾಯುತ್ತಿದ್ದ. ಟರ್ನರ್ ಹತ್ತಿರ ಬಂದ, ನನ್ನ ಮುಖ ನೋಡಲಿಲ್ಲ.

"ಅಕ್ಕಾ, ಒಂಚೂರು ಪಕ್ಕಕ್ಕೆ ಬನ್ನಿ. ಗಾಡಿ ತಿರುಗಬೇಕು."

ಪಕ್ಕಕ್ಕೆ ಬಂದೆ.