ಬೇರಿನ ಸನಿಕೆ

ಗಂಡನ ಉಗುರಿನ ಸಂದಿಯ ಕರೆಯನ್ನು ಅವಳು ಬೆಂಕಿಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದಳು. ಎರಡು ವರ್ಷ ಹಾಸಿಗೆ ಹಿಡಿದು ಸತ್ತವನ ಕೈಯಲ್ಲೂ ತೋಟದ ಮಣ್ಣು ಉಳಿದುಕೊಂಡಿತ್ತು.

"ಬಿಡಮ್ಮ, ಅದು ಹೋಗೋ ಕರೆ ಅಲ್ಲ," ಎಂದಳು ಮಗಳು.

"ಆ ಮನುಷ್ಯ ಬರೋ ಹೊತ್ತಿಗೆ ಈ ಕೈ ಚೊಕ್ಕಟವಾಗಿರ್ಬೇಕು ಕಣೆ."

ಆ ಮನುಷ್ಯ ಬಂದೇಬಿಟ್ಟರು. ಉದ್ಯಾನದ ಸಾಹೇಬರು, ಬಂಡಿಚಕ್ರದಷ್ಟು ದೊಡ್ಡ ಹೂಮಾಲೆ ಸಮೇತ. ಹೂವೆಲ್ಲ ಗಂಡ ನೆಟ್ಟ ಗಿಡದ್ದೇ ಎಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಅಂಗಳದಲ್ಲಿ ನೆರೆದಿದ್ದ ಮಾಲಿಗಳ ಮುಂದೆ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಏಳು ದೇಶದ ತೋಟ ನಾನು ಕಟ್ಟಿದೆ ಅಂತ ಜನ ಹೊಗಳ್ತಾರೆ. ಇವನಿಲ್ಲದಿದ್ರೆ ಆಗ್ತಿರ್ಲಿಲ್ಲ. ಇವತ್ತು ನನ್ನ ಬಲಗೈ ಹೋಯ್ತು."

ಮಾಲಿಗಳು ನೆಲ ನೋಡಿದರು. ಅವಳ ಮೈ ಉರಿದುಹೋಯಿತು.

*

ಆ ಉದ್ಯಾನದಲ್ಲಿ ಒಂದು ಸುತ್ತು ಹಾಕಿದರೆ ಏಳು ದೇಶ ನೋಡಿದ ಹಾಗೆ. ಒಂದು ಕಡೆ ಕಾಲುವೆ ಕಾರಂಜಿಗಳ ತೋಟ, ಇನ್ನೊಂದು ಕಡೆ ಬರೀ ಕಲ್ಲು ಮರಳಿನದು, ಕೊನೆಯಲ್ಲಿ ಪೂರ್ವದೇಶದ ಬಿದಿರಿನ ತೋಟ. ಬಿದಿರಿನದಕ್ಕೆ ನಕ್ಷೆಯ ಗೆರೆ ಎಳೆದದ್ದರಿಂದ ಹಿಡಿದು ಕೊಳದ ಕೊನೆಯ ಕಲ್ಲು ಕೂರಿಸುವವರೆಗೆ ನಾಲ್ಕು ವರ್ಷ ದುಡಿದವನು ಅವಳ ಗಂಡ. ಉದ್ಘಾಟನೆಯ ದಿನ ಪರದೆ ಸರಿದಾಗ ಕಲ್ಲಿನ ಮೇಲೆ 'ರೂಪಿಸಿದವರು' ಎಂದು ಸಾಹೇಬರ ಹೆಸರಿತ್ತು. ಗಂಡನಿಗೆ ಸಿಕ್ಕಿದ್ದು ಟೇಪು ಕತ್ತರಿಸುವ ಕತ್ತರಿಯ ತಟ್ಟೆ ಹಿಡಿದು ನಿಲ್ಲುವ ಕೆಲಸ. ಮರುದಿನದ ಪತ್ರಿಕೆಯ ಫೋಟೋದಲ್ಲಿ ತಟ್ಟೆ ಇತ್ತು, ತಟ್ಟೆ ಹಿಡಿದ ಕೈ ಇತ್ತು, ಅವನು ಇರಲಿಲ್ಲ.

"ಕೈಯಾದ್ರೂ ಬಂತಲ್ಲೇ," ಎಂದು ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ.

ಆಮೇಲೆ ಸಾಹೇಬರು ಆ ತೋಟದ ಗೋಡೆಗೆ ಅಂಟಿಕೊಂಡೇ ಸ್ವಂತ ಮನೆ ಕಟ್ಟಿಸಿದರು. ಆ ಜಾತಿಯ ಬಿದಿರಿನ ಬೇರು ನೆಲದಡಿ ಕಳ್ಳನ ಹಾಗೆ ಓಡುತ್ತದೆ. ಗಂಡ ಕಮ್ಮಾರನಿಂದ ಮೊಳದುದ್ದದ ಅಲಗಿನ ಸನಿಕೆ ಮಾಡಿಸಿ, ವರ್ಷಕ್ಕೆರಡು ಸಲ ಗೋಡೆಯುದ್ದಕ್ಕೂ ತೋಡಿ ಬೇರು ಕಡಿಯುತ್ತಿದ್ದ. ಉದ್ಯಾನದ ಗೇಟು ತೆರೆಯುವ ಮೊದಲೇ ಒಬ್ಬನೇ ಮುಗಿಸಿಬಿಡುತ್ತಿದ್ದ.

"ಬಿಟ್ಬಿಡಿ. ಅವ್ರ ಮನೆಯೊಳಗೇ ಹುಟ್ಲಿ," ಎಂದಿದ್ದಳು ಅವಳು.

"ತೋಟ ನಂದು ಕಣೇ. ಅದರ ಬೇರು ಇನ್ನೊಬ್ರ ಮನೆಗೆ ನುಗ್ಗಿದ್ರೆ ಮರ್ಯಾದೆ ಹೋಗೋದು ನನ್ನದು."

ಅವನು ಅಂಥವನು. ಅವಳು ಅಂಥವಳಲ್ಲ.

*

ಭಾಷಣ ಮುಗಿಸಿದ ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿದರು.

"ನೋಡಮ್ಮ, ಇದು ಕೇಳೋ ಹೊತ್ತಲ್ಲ. ನಮ್ಮ ಹಾಲ್‌ನಲ್ಲಿ ಟೈಲ್ಸ್ ಉಬ್ಬಿದೆ. ಸೋಫಾ ಪಕ್ಕ ಬಿದಿರಿನ ಮೊಳಕೆ ಬಂದಿದೆ. ಆ ಗೋಡೆ ಹತ್ರ ಅವನು ಏನೋ ಮಾಡ್ತಿದ್ದ. ಏನದು?"

"ಮಾಲಿಗಳನ್ನ ಕೇಳ್ಬಾರ್ದಾ ಸಾಹೇಬ್ರೇ?"

"ತೋಟ ಮಾಡಿದವನು ನಾನು. ನಾನೇ ಹೋಗಿ ಅವರನ್ನ ಕೇಳೋದು ಹೇಗಮ್ಮ?"

ಗಂಡನ ಹೆಣ ಹೊರಗಿನ ಕೋಣೆಯಲ್ಲಿರುವಾಗಲೇ ಅವಳ ಹೊಟ್ಟೆ ತಣ್ಣಗಾಯಿತು.

"ಗೊಬ್ಬರ ಹಾಕ್ತಿದ್ರು," ಎಂದಳು. "ಬುಡಕ್ಕೆ ಒಳ್ಳೆ ಗೊಬ್ಬರ, ಎರಡು ಹೊತ್ತು ನೀರು. ಹೊಟ್ಟೆ ತುಂಬಿದ್ರೆ ಬೇರು ಊರು ಸುತ್ತಲ್ಲ ಅಂತಿದ್ರು."

"ಅಮ್ಮಾ, ಅಪ್ಪ ಅದನ್ನ…" ಎಂದು ಮಗಳು ಬಾಯಿ ತೆರೆದಳು. ಅವಳು ಮಗಳ ಕಾಲು ತುಳಿದಳು.

ಸಾಹೇಬರು ಚೀಟಿ ತೆಗೆದು ಬರೆದುಕೊಂಡರು. "ಎರಡು ಹೊತ್ತು ಅಂದ್ರಲ್ಲ?"

"ಮೂರಾದ್ರೂ ತೊಂದ್ರೆ ಇಲ್ಲ."

ಅವರು ಅಂಗಳಕ್ಕೆ ಹೋದಮೇಲೆ ಅವಳು ಬಾಗಿಲ ಮೂಲೆಯಿಂದ ಸನಿಕೆ ತೆಗೆದಳು. ಅಲಗು ಒರೆಸಿ, ಹೊರಗಿನ ಕೋಣೆಯ ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಹೊದಿಕೆ ಸರಿಸಿ, ಬಲಗೈಗೆ ತಾಗುವಂತೆ ಉದ್ದಕ್ಕೆ ಇಟ್ಟು ಮತ್ತೆ ಹೊದಿಸಿದಳು.

"ಇದ್ಯಾಕಮ್ಮ?"

"ಅವರ ಸಾಮಾನು ಅವರ ಹತ್ರಾನೇ ಇರ್ಲಿ. ನೀ ಸುಮ್ನಿರು."

ಮುಚ್ಚಳಕ್ಕೆ ಮೊಳೆ ಬಿತ್ತು. ಮಾಲಿಗಳು ಪೆಟ್ಟಿಗೆ ಎತ್ತುವಾಗ ಸಾಹೇಬರು ಎಲ್ಲರಿಗೂ ಕಾಣುವಂತೆ ಮುಂದೆ ಬಂದು ಬಲಗಡೆ ಹೆಗಲು ಕೊಟ್ಟರು. ಗೇಟು ದಾಟುವಷ್ಟರಲ್ಲಿ ಅವರ ಮುಖದಿಂದ ಬೆವರು ಇಳಿಯುತ್ತಿತ್ತು.

"ಏನಪ್ಪಾ ಇದು! ಒಣಕಲು ಆಳು, ಇಷ್ಟು ಭಾರ ಇದ್ದಾನೆ," ಎಂದು ಅವರು ಹೆಗಲು ಜರುಗಿಸಿದರು. ಪೆಟ್ಟಿಗೆಯೊಳಗೆ, ಅವರ ಕಿವಿಯ ಪಕ್ಕದಲ್ಲೇ, ಕಬ್ಬಿಣ ಹಲಗೆಗೆ ತಾಗಿ ಠಕ್ಕೆಂದಿತು.