ಕಾಸು ಕೊಡದ ಚಾಕು

ನನ್ನ ಗಂಡ ಡೆಲ್ಮರ್‌ನ ಬಲಗೈಯ ಹೆಬ್ಬೆರಳು, ತೋರುಬೆರಳು ಹೋದ ವಸಂತದಲ್ಲಿ ಹೋದವು. ಲಾಬ್‌ಸ್ಟರ್ ಸಿಗಡಿ ಹಿಡಿಯುವ ಬೋನನ್ನು ನೀರಿಂದ ಮೇಲೆಳೆಯುವ ಯಂತ್ರ ಹಗ್ಗದ ಜೊತೆಗೆ ಅವನ್ನೂ ಸುತ್ತಿಕೊಂಡಿತು. ಊರವರೆಲ್ಲ ಮೀನಿನ ಗಂಜಿ ಹಿಡಿದು ನೋಡಲು ಬಂದರು. ಉಳಿದ ಬೆರಳಲ್ಲೇ ನಿಮಗಿಂತ ಜಾಸ್ತಿ ಹಿಡಿದು ತೋರಿಸ್ತೀನಿ ಅಂತ ಎಲ್ಲರಿಗೂ ಸವಾಲು ಹಾಕಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಕುಲ ಅವನದು. ಅವರ ಮುಂದೆ ಹಾಗೆ ಬೀಗಿದವನಿಗೆ ಬೆಳಗಾದರೆ ಅಂಗಿಯ ಗುಂಡಿ ಹಾಕಿ ಕಳಿಸುತ್ತಿದ್ದವಳು ನಾನು.

ಅವನ ಜೇಬಲ್ಲಿ ಅಜ್ಜನ ಕಾಲದ ಮಡಚು ಚಾಕು. ಹಿತ್ತಾಳೆ ಹಿಡಿ, ಅಲಗಿನ ಬೆನ್ನಲ್ಲಿ ಉಗುರು ಸಿಕ್ಕಿಸಿ ಎಳೆಯಲು ಒಂದು ಗೀರು. ಬಿಚ್ಚಲು ಎರಡೂ ಕೈ ಬೇಕು, ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಅಲಗು. ಒಂದು ದಿನ ಸೇಬು ಹೆಚ್ಚಲು ಕೂತವನು ಅದನ್ನು ಬಿಚ್ಚಲಾರದೆ ಮೇಜಿನ ಕೆಳಗೆ ಒದ್ದಾಡುವುದನ್ನು ನೋಡಿದೆ. ಕೊನೆಗೆ ಸೇಬನ್ನು ಹಾಗೇ ಕಚ್ಚಿ ತಿಂದ, ಹಸಿವಾಗಿತ್ತು ಅಂದ.

ನನಗೆ ದೋಣಿಯ ನೆನಪಾಯಿತು. ಅಲ್ಲಿ ಇರುವುದು ಇಬ್ಬರೇ, ಅವನು ಮತ್ತು ನನ್ನ ತಮ್ಮ ಎವೆರೆಟ್. ಡೆಲ್ಮರ್ ದೋಣಿ ನಡೆಸುತ್ತಾನೆ, ಎವೆರೆಟ್ ಹಿಂದೆ ನಿಂತು ಬೋನು ನೀರಿಗೆ ತಳ್ಳುತ್ತಾನೆ. ನವೆಂಬರ್ ಕೊನೆಗೆ ಹಂಗಾಮು ತೆರೆಯುವ ದಿನ ಬೋನುಗಳನ್ನು ತಲೆಗಿಂತ ಎತ್ತರಕ್ಕೆ ಒಟ್ಟಿಕೊಂಡು ಹೋಗುತ್ತಾರೆ. ಒಂದು ಬೋನು ನೀರಿಗೆ ಬಿತ್ತೆಂದರೆ ಅದರ ಹಗ್ಗ ಕಾಲಡಿಯಲ್ಲೇ ಸರಸರ ಓಡುತ್ತದೆ. ಅದರ ಸುರುಳಿಗೆ ಕಾಲು ಸಿಕ್ಕಿತೋ, ಕೂಡಲೇ ಹಗ್ಗ ಕೊಯ್ಯದಿದ್ದರೆ ಬೋನಿನ ಜೊತೆ ಮನುಷ್ಯನೂ ತಳಕ್ಕೆ.

ಒಂದೇ ಕೈಯಲ್ಲಿ ಬಿಚ್ಚುವ ಚಾಕು ತರೋಣ ಅಂತ ಪೇಟೆಗೆ ಹೋದೆ. ಅಂಗಡಿಯವನು ಮೊದಲು ಇಕ್ಕಳ, ಕತ್ತರಿ, ಗರಗಸ, ಬಾಟ್ಲಿ ಮುಚ್ಚಳ ತೆಗೆಯುವುದು ಎಲ್ಲ ಸೇರಿದ ಒಂದನ್ನು ಇಟ್ಟ. ಆಪತ್ತಿಗೆ ಇದಕ್ಕಿಂತ ಬೇಕಾ ಅಮ್ಮ ಅಂದ. ಮುಳುಗುವವನಿಗೆ ಬಾಟ್ಲಿ ಯಾಕಪ್ಪ ಅಂದೆ. ಆಮೇಲೆ ಕಪ್ಪು ಬಣ್ಣದ್ದು, ತಲೆಬುರುಡೆಯ ಚಿತ್ರ ಇರುವುದು, ಯುದ್ಧಕ್ಕೆ ಹೊರಟವರಿಗೆ ಮಾಡಿದಂಥದ್ದೆಲ್ಲ ತೋರಿಸಿದ. ನಾನು ಮನೆಯಿಂದ ರಬ್ಬರ್ ಗ್ಲೌಸ್ ತಂದಿದ್ದೆ. ಅವನ ಹತ್ತಿರ ಬಕೆಟ್ಟಿನಲ್ಲಿ ತಣ್ಣೀರು ಕೇಳಿ ಗ್ಲೌಸ್ ಅದ್ದಿ ಎಡಗೈಯಲ್ಲಿ ಒಂದೊಂದನ್ನೇ ಬಿಚ್ಚಿ ನೋಡಿದೆ. ಅಂಗಡಿಯವನ ಮುಖ ಹುಳಿ ತಿಂದ ಹಾಗಾಯ್ತು. ಆಗಲಿ, ನನಗೇನು.

ಕೊನೆಗೆ ಸಿಕ್ಕಿತು. ಅಲಗಿನಲ್ಲಿ ದೊಡ್ಡ ತೂತು, ಒದ್ದೆ ಹೆಬ್ಬೆರಳು ಇಟ್ಟು ನೂಕಿದರೆ ಸಾಕು, ಬಿಚ್ಚಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಹಗ್ಗ ಕಚ್ಚಲು ಅರ್ಧ ಅಲಗಿಗೆ ಹಲ್ಲು, ಮಿಕ್ಕರ್ಧ ನುಣುಪು. ತುದಿ ಮೊಂಡು, ಗಡಿಬಿಡಿಯಲ್ಲಿ ಕಾಲಿಗೆ ಚುಚ್ಚುವುದಿಲ್ಲ. ಜೇಬಿಗೆ ಸಿಕ್ಕಿಸುವ ಕೊಕ್ಕೆಯನ್ನು ಎಡಕ್ಕೂ ಹಾಕಬಹುದು. ಹಿಡಿ ಕಿತ್ತಳೆ ಬಣ್ಣದ್ದು. ಸೇಬು ಹೆಚ್ಚಲು, ಬೋನಿಗಿಡುವ ಎರೆಯ ಪೆಟ್ಟಿಗೆ ಸೀಳಲು ಎಲ್ಲಕ್ಕೂ ಆಗಬೇಕು ಅಂತಲೇ ಅದನ್ನು ಆರಿಸಿದ್ದು. ದಿನಾ ಬಳಸದ ಚಾಕು ಆಪತ್ತಿನ ದಿನ ಮನೆಯಲ್ಲೇ ಇರುತ್ತದೆ, ಅದು ನನಗೆ ಗೊತ್ತಿತ್ತು.

ನಮ್ಮ ಕಡೆ ಚಾಕುವನ್ನು ಯಾರೂ ಬಿಟ್ಟಿ ತಗೊಳ್ಳುವುದಿಲ್ಲ. ಕೊಟ್ಟವರ ಕೈಗೆ ಒಂದು ಕಾಸಾದರೂ ಇಡಬೇಕು, ಇಲ್ಲವಾದರೆ ಅದು ಇಬ್ಬರ ನಂಟನ್ನೇ ಕೊಯ್ಯುತ್ತದೆ ಅನ್ನುತ್ತಾರೆ. ಕಾಸು ಕೊಡದ ಚಾಕುವನ್ನು ದೋಣಿ ಹತ್ತಿಸುವವರಂತೂ ಇಲ್ಲವೇ ಇಲ್ಲ. ಊಟವಾದ ಮೇಲೆ ಚಾಕುವನ್ನು ಡೆಲ್ಮರ್‌ನ ಮುಂದಿಟ್ಟು ಕಾಸಿಗೆ ಕೈ ಚಾಚಿದೆ. ಎವೆರೆಟ್ ಎದುರಿಗೇ ಕೂತಿದ್ದ.

ಡೆಲ್ಮರ್ ಅದನ್ನು ಮುಟ್ಟಲಿಲ್ಲ. "ಮೊಂಡುಗೈಯವರಿಗೆ ಮಾಡಿದ್ದು ಇದು. ನನ್ನ ಹತ್ರ ಕಾಸಿಲ್ಲ" ಅಂದ.

ಎವೆರೆಟ್ ನಗುತ್ತಾ ಜೇಬಿಗೆ ಕೈ ಹಾಕಿ, ನಾನೇ ಕೊಡ್ತೀನಿ ಬಿಡು ಭಾವ ಅಂದ. ಬೇರೆಯವರ ಕಾಸು ನಡೆಯೋದಿಲ್ಲ ಅಂತ ಡೆಲ್ಮರ್ ಗದರಿದ. ಹಾಗಾದರೆ ನೀನೇ ಇಟ್ಕೋ ಅಂತ ತಮ್ಮನಿಗೆ ಹೇಳಿದೆ. ಅವನು ಬೇಡ ಅಂತ ತಲೆಯಾಡಿಸಿದ. "ನನ್ನದು ಸೊಂಟದಲ್ಲೇ ಇದೆ ಅಕ್ಕ. ಕಾಲಿಗೆ ಹಗ್ಗ ಸಿಕ್ಕವನಿಗೆ ದೋಣಿ ಅಂಚಿನ ಕಟಕಟೆ ಹಿಡ್ಕೊಳ್ಳೋಕೇ ಎರಡೂ ಕೈ ಸಾಲಲ್ಲ. ಚಾಕು ಇರಬೇಕಾದ್ದು ಇನ್ನೊಬ್ಬನ ಕೈಲಿ."

ಅದನ್ನು ಅವನು ಬಾಯಿಬಿಟ್ಟು ಹೇಳಿದ. ಡೆಲ್ಮರ್ ಕಿವಿಯಾರೆ ಕೇಳಿದ.

ಆಮೇಲೆ ನಾನೇ ಚಾಕುವನ್ನು ಡೆಲ್ಮರ್‌ನ ಬುತ್ತಿ ಡಬ್ಬಿಯಲ್ಲಿಟ್ಟೆ, ಅವನು ತೆಗೆದು ಕಿಟಕಿಯಲ್ಲಿಟ್ಟ. ಮಳೆಕೋಟಿನ ಎಡಜೇಬಿಗೆ ಹಾಕಿದೆ, ಅಲ್ಲಿಂದಲೂ ತೆಗೆದ. ಬೇಡಿಕೊಂಡೆ, ಬೈದೆ, ಮಾತು ಬಿಟ್ಟೆ. ಹಂಗಾಮು ತೆರೆಯುವ ದಿನ ಬೆಳಗಾಗುವ ಮೊದಲೇ ದಕ್ಕೆಯಲ್ಲಿ ಊರೆಲ್ಲ ನಿಂತು ದೋಣಿಗಳಿಗೆ ಕೈ ಬೀಸುತ್ತದೆ. ನಾನೂ ಬೀಸಿ ಮನೆಗೆ ಬಂದೆ. ಕಿತ್ತಳೆ ಚಾಕು ಕಿಟಕಿಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಕೂತಿತ್ತು. ಅದನ್ನು ಎತ್ತಿಕೊಂಡೆ. ಮತ್ತೆ ದಕ್ಕೆಗೆ ಓಡಿದೆ, ದೋಣಿಗಳು ಆಗಲೇ ಬಂದರಿನ ಬಾಯಿ ದಾಟಿದ್ದವು.

ಅವತ್ತೇ ಎವೆರೆಟ್ ಹೋದ.

ಡೆಲ್ಮರ್ ಊರಿಗೆ ಹೇಳಿದ್ದೊಂದು, ನನಗೆ ಹೇಳಿದ್ದೊಂದು. ಹಗ್ಗ ಎಳೆದದ್ದೂ ಗೊತ್ತಾಗಲಿಲ್ಲ, ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ ಅಂತ ಊರಿಗೆ ಹೇಳಿದ. ಊರು ನಂಬಿತು. ನಿನ್ನ ತಪ್ಪೇನೂ ಇಲ್ಲ, ಸಮುದ್ರಕ್ಕೆ ಯಾರು ಅಡ್ಡ ನಿಲ್ಲುತ್ತಾರೆ ಅಂತ ಪಾದ್ರಿಯಿಂದ ಹಿಡಿದು ಎಲ್ಲರೂ ಅವನ ಬೆನ್ನು ಸವರಿದರು. ಮಣ್ಣು ಮಾಡಿದ ದಿನ ಚರ್ಚಿನ ಕೆಳಗಿನ ಕೋಣೆಯಲ್ಲಿ ನಾನು ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಅದನ್ನೆಲ್ಲ ಕೇಳುತ್ತಾ ನಿಂತೆ. ತಟ್ಟೆಯನ್ನು ಎತ್ತಿ ಅವರ ಮುಖಕ್ಕೆ ಹೊಡೆಯಬೇಕು ಅನ್ನಿಸಿತು.

ಯಾಕೆಂದರೆ ಹಿಂದಿನ ದಿನ ಅಡುಗೆಮನೆಯಲ್ಲಿ ಅವನು ನನಗೆ ನಿಜ ಹೇಳಿದ್ದ. ಎವೆರೆಟ್ ಕೂಡಲೇ ಹೋಗಿರಲಿಲ್ಲ. ಕಾಲಿಗೆ ಹಗ್ಗ ಬಿಗಿದು ಬೋನುಗಳು ಎಳೆಯುತ್ತಿದ್ದರೂ ಎರಡು ಕೈಯಲ್ಲೂ ಹಿಂದಿನ ಕಟಕಟೆ ಹಿಡಿದುಕೊಂಡಿದ್ದ. ದೋಣಿಯಲ್ಲಿ ಯಾವಾಗಲೂ ಸಿಕ್ಕಿಸಿಟ್ಟಿರುವ ಎರೆ ಕೊಯ್ಯುವ ಚಾಕು ಅವತ್ತು ಬೋನಿನ ರಾಶಿಯ ಹಿಂದೆ ಮುಚ್ಚಿಹೋಗಿತ್ತು. ಡೆಲ್ಮರ್ ಓಡಿಬಂದು ಅಜ್ಜನ ಚಾಕು ತೆಗೆದ. ಮೂರು ಬೆರಳಲ್ಲಿ ಅದು ಜಾರಿತು. ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಅಲಗು ಎಳೆದ, ಉಪ್ಪು ಹಿಡಿದು ಬಿಗಿದಿದ್ದ ಅದು ಬರಲಿಲ್ಲ. ಎವೆರೆಟ್‌ನ ಸೊಂಟದ ಚಾಕುವಿಗೆ ಕೈ ಹಾಕೋಣ ಅಂದರೆ ಸೊಂಟ ಆಗಲೇ ನೀರಲ್ಲಿತ್ತು.

"ಕೂಗಲಿಲ್ಲ ಕಣೇ. ಅವ್ನು ನನ್ನ ಮುಖ ನೋಡ್ತಿದ್ದ, ನಾನು ಚಾಕು ನೋಡ್ತಿದ್ದೆ. ತಲೆ ಎತ್ತಿದಾಗ ಇರ್ಲಿಲ್ಲ" ಅಂದ ಡೆಲ್ಮರ್. ಬೋನುಗಳನ್ನು ಮೇಲೆಳೆದಾಗ ನನ್ನ ತಮ್ಮನೂ ಬಂದ.

ಮಣ್ಣು ಮಾಡಿ ಬಂದ ಮೇಲೆ ಡೆಲ್ಮರ್ ಕೋಟು ಬಿಚ್ಚದೆ ಮೇಜಿಗೆ ಕೂತ. ಜೇಬಲ್ಲಿ ತಡಕಾಡಿ ಐದು ಸೆಂಟಿನ ಬಿಲ್ಲೆಯೊಂದನ್ನು ನನ್ನ ಮುಂದಿಟ್ಟು, ಮತ್ತೆ ಕಿಟಕಿಯಲ್ಲಿ ಕೂತಿದ್ದ ಚಾಕುವಿನ ಕಡೆ ನೋಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾನು ಬಿಲ್ಲೆಯನ್ನು ಅವನ ಕಡೆಗೇ ಸರಿಸಿದೆ. "ಅದಕ್ಕೆ ಬೆಲೆ ಆಗ್ಲೇ ಸಂದಾಯ ಆಗಿದೆ. ಕೊಟ್ಟೋನು ನನ್ನ ತಮ್ಮ" ಅಂದೆ.

ಹಂಗಾಮು ಯಾರ ಸಾವಿಗೂ ನಿಲ್ಲುವುದಿಲ್ಲ. ಬೋನುಗಳು ನೀರಲ್ಲಿವೆ, ಎವೆರೆಟ್‌ನ ಜಾಗಕ್ಕೆ ಬರಲು ಯಾರೂ ಒಪ್ಪಲಿಲ್ಲ. ಸರಿ, ನಾನೇ ಅವನ ಬೂಟು ಹಾಕಿಕೊಂಡು ದೋಣಿ ಹತ್ತಿದೆ. ಮೊದಲ ದಿನವೇ, ಹಿಂದೆ ಹಗ್ಗದ ಹತ್ತಿರ ನೀನು ನಿಲ್ಲು, ದೋಣಿ ನಾನು ನಡೆಸ್ತೀನಿ ಅಂತ ಡೆಲ್ಮರ್‌ಗೆ ಹೇಳಿದೆ. ಅವನು ಹೋಗಿ ನಿಂತ.

ಕಿತ್ತಳೆ ಚಾಕು ನನ್ನ ಜೇಬಲ್ಲಿದೆ. ಅದರಲ್ಲೇ ಎರೆ ಕತ್ತರಿಸುತ್ತೇನೆ, ಮಧ್ಯಾಹ್ನ ಬ್ರೆಡ್ಡು ಕೊಯ್ಯುತ್ತೇನೆ, ತೊಳೆದು ಮಡಚಿ ಮತ್ತೆ ಸಿಕ್ಕಿಸಿಕೊಳ್ಳುತ್ತೇನೆ. ಹಗ್ಗ ಓಡಲು ಶುರುವಾದಾಗಲೆಲ್ಲ ಅವನು ಒಂದು ಸಲ ತಿರುಗಿ ನೋಡುತ್ತಾನೆ. ನೋಡುವುದು ನನ್ನ ಮುಖವನ್ನು, ಜೇಬನ್ನಲ್ಲ. ನನ್ನ ಕಾಲಿಗೆ ಹಗ್ಗ ಸಿಕ್ಕರೆ ಕೊಯ್ಯುತ್ತೀಯಾ ಅಂತ ಬಾಯಿಬಿಟ್ಟು ಇನ್ನೂ ಕೇಳಿಲ್ಲ. ಕೇಳಿದರೆ ಏನು ಹೇಳಬೇಕು ಅಂತ ನನಗೂ ಗೊತ್ತಿಲ್ಲ.